ಮನೆ ಜಾಗದಲ್ಲಿ ಹಟ್ಟಿ ಕಟ್ಟುವ ಮೊದಲು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಪೈವಳಿಕೆ ಕಡೆ ಇಪ್ಪತ್ತು ಸೆಂಟ್ಸ್ ಜಾಗ ಇದ್ದವರಿಗೂ ಒಂದೆರಡು ದನ ಸಾಕುವ ಆಸೆ ಇರುತ್ತದೆ. ಸಾಕಿ, ಬೇಡ ಎನ್ನುವವರಿಲ್ಲ. ಆದರೆ ಹಟ್ಟಿಗೆ, ಅಂದರೆ ದನದ ಕೊಟ್ಟಿಗೆಗೆ, ಕಲ್ಲು ಇಳಿಸುವ ಮೊದಲೇ ಕಾನೂನು ವಿಚಾರಿಸಿಕೊಳ್ಳಿ.

ಮೊದಲು ಜಾಗದ ದಾಖಲೆ ತೆಗೆದು ನೋಡಿ. ಅದರಲ್ಲಿ 'ಪುರಯಿಡಂ' (ಮನೆ, ತೋಟದ ಜಾಗ) ಎಂದಿದ್ದರೆ ತೊಂದರೆಯಿಲ್ಲ. 'ನಿಲಂ' ಎಂದಿದ್ದರೆ ಅದು ಲೆಕ್ಕದಲ್ಲಿ ಗದ್ದೆ. ಮಣ್ಣು ತುಂಬಿಸಿ ಹಟ್ಟಿ ಎಬ್ಬಿಸಲು 2008ರ ಗದ್ದೆ ಸಂರಕ್ಷಣಾ ಕಾಯಿದೆ ಬಿಡುವುದಿಲ್ಲ. ಅಜ್ಜನ ಕಾಲದಿಂದಲೂ ಅಲ್ಲಿ ಅಡಿಕೆ ಮರ ಇದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ದಾಖಲೆ ಬದಲಾಗಬೇಕು. ಅದಕ್ಕೆ ಕಂದಾಯ ಇಲಾಖೆಯ ಆರ್‌ಡಿಒಗೆ ಅಥವಾ ಅಧಿಕಾರವಿರುವ ಡೆಪ್ಯುಟಿ ಕಲೆಕ್ಟರರಿಗೆ ಅರ್ಜಿ ಹಾಕಬೇಕು.

ಆಮೇಲೆ ದನಗಳ ಲೆಕ್ಕ. ಕೇರಳದ ಪಂಚಾಯತುಗಳಲ್ಲಿ ಜಾನುವಾರು ಫಾರ್ಮಿನ ಲೈಸೆನ್ಸಿಗೆ 2012ರ ನಿಯಮಗಳಿವೆ. ಆಗ ಐದಕ್ಕಿಂತ ಜಾಸ್ತಿ ದನ ಇದ್ದರೆ ಲೈಸೆನ್ಸ್ ಬೇಕಿತ್ತು. ಮುಂದೆ ತಿದ್ದುಪಡಿಯಲ್ಲಿ ಮಿತಿ ಸಡಿಲವಾಯಿತು. ಹಳೆಯವರು ಹೇಳಿದ ಸಂಖ್ಯೆ ಹಿಡಿದುಕೊಂಡು ಕೂರಬೇಡಿ, ಇವತ್ತಿನ ಮಿತಿ ಎಷ್ಟೆಂದು ಪಂಚಾಯತಿನಲ್ಲೇ ಕೇಳಿ. ಲೆಕ್ಕ ತಲೆಯದ್ದು, ಗಾತ್ರದ್ದಲ್ಲ. ಕಾಸರಗೋಡು ಗಿಡ್ಡ ಎಂಬ ಸಣ್ಣ ತಳಿಯ ದನವೂ ಒಂದೇ, ದೊಡ್ಡ ಮಿಶ್ರತಳಿಯ ಎಚ್‌ಎಫ್ ಕ್ರಾಸೂ ಒಂದೇ. ಗಿಡ್ಡ ಸಾಕುವವರಿಗೆ ಇದು ಅನ್ಯಾಯವೇ ಅನ್ನಿ.

ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಹೇಗೆ ಬೇಕಾದರೂ ಸಾಕಬಹುದು ಎಂದಲ್ಲ. ನೆರೆಯವರ ದೂರು ಬರುವುದು ದನದ ಸಂಖ್ಯೆಗಲ್ಲ, ಹಟ್ಟಿ ತೊಳೆದ ನೀರಿಗೆ. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಗೊಬ್ಬರಗುಂಡಿ ತುಂಬಿದರೆ ಗಂಜಲ ಕಲ್ಲಿನ ಸಂದಿಯಲ್ಲಿ ಇಳಿದು ಕೆಳಗಿನ ಮನೆಯ ಬಾವಿ ಸೇರುತ್ತದೆ. ಶೌಚಾಲಯದ ಇಂಗುಗುಂಡಿಗೂ ಬಾವಿಗೂ 7.5 ಮೀಟರ್ ಅಂತರ ಇರಬೇಕೆಂದು ಕಟ್ಟಡ ನಿಯಮ ಹೇಳುತ್ತದೆ. ಗೊಬ್ಬರಗುಂಡಿಯನ್ನೂ ಅದಕ್ಕಿಂತ ಹತ್ತಿರ ತರಬೇಡಿ. ಅಳೆಯುವಾಗ ನಿಮ್ಮ ಬಾವಿ ಮಾತ್ರ ಅಲ್ಲ, ಬೇಲಿಯಾಚೆಯದ್ದನ್ನೂ ಅಳೆಯಿರಿ. ಗುಂಡಿಯ ತಳಕ್ಕೆ ಕಾಂಕ್ರೀಟ್, ಮೇಲೆ ಒಂದು ಮಾಡು (ಚಾವಣಿ), ಸುತ್ತ ಮಳೆನೀರು ಬೇರೆ ಹೋಗಲು ಕಣಿ (ಚರಂಡಿ) ಇರಲಿ. ಜಾಗ ಕಮ್ಮಿ ಇದ್ದವರು ಗೋಬರ್ ಗ್ಯಾಸ್ ಮಾಡುವುದೇ ಲೇಸು. ಸೊಪ್ಪು ಹಾಕುವ ಹಟ್ಟಿಯಾದರೆ ತೊಳೆಯುವ ನೀರು ಕಮ್ಮಿ, ಗೊಬ್ಬರ ಜಾಸ್ತಿ. ಆದರೆ ಸೊಪ್ಪು ತರಲು ಗುಡ್ಡೆ ಬೇಕಲ್ವಾ?

ಹಟ್ಟಿಯ ಕಟ್ಟಡಕ್ಕೆ ಪರ್ಮಿಟ್ ಬೇಕೇ, ಗಡಿಯಿಂದ ಎಷ್ಟು ಬಿಡಬೇಕು ಎಂಬುದನ್ನು ಪಂಚಾಯತಿನ ಓವರ್‌ಸಿಯರ್ ಹತ್ತಿರ ಕೇಳಿ. ಕೈಯಲ್ಲಿ ಬರೆದದ್ದಾದರೂ ಸರಿ, ಒಂದು ನಕ್ಷೆ ಇರಲಿ. ಬಾವಿ, ಮನೆ, ಗುಂಡಿ ಎಲ್ಲಿವೆ ಎಂದು ತೋರಿಸಿದರೆ ಮಾತು ಬೇಗ ಮುಗಿಯುತ್ತದೆ.

ಲೈಸೆನ್ಸ್ ಬೇಕಾದವರು ಪಂಚಾಯತ್ ಸೆಕ್ರೆಟರಿಗೆ ಅರ್ಜಿ ಹಾಕಬೇಕು. ಈಗ ಸ್ಥಳೀಯಾಡಳಿತದ ಆನ್‌ಲೈನ್ ವ್ಯವಸ್ಥೆಯಾದ ಕೆ-ಸ್ಮಾರ್ಟ್‌ನಲ್ಲೂ ಹಾಕಬಹುದು. ಗೊತ್ತಾಗದಿದ್ದರೆ ಅರ್ಜಿ ಹಾಕಿಕೊಡಲು ಅಕ್ಷಯ ಕೇಂದ್ರವಿದೆ. ತೆರಿಗೆ ರಶೀದಿ, ಜಾಗದ ಆಧಾರದ (ಹಕ್ಕುಪತ್ರದ) ಪ್ರತಿ ಜೊತೆಗಿರಲಿ. ಮಲಯಾಳ ಬರೆಯಲು ಬಾರದಿದ್ದರೆ ಕನ್ನಡದಲ್ಲೇ ಬರೆಯಿರಿ. ಇಲ್ಲಿಯ ಕನ್ನಡಿಗರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದೆಂದು 1969ರ ಭಾಷಾ ಕಾಯಿದೆಯಲ್ಲೇ ಇದೆ. ಕೊಟ್ಟದ್ದಕ್ಕೆ ರಶೀದಿ ತೆಗೆದುಕೊಳ್ಳಲು ಮಾತ್ರ ಮರೆಯಬೇಡಿ.

ಕಾಸರಗೋಡು ಪೇಟೆಯೊಳಗೆ ಇರುವವರಿಗೆ ಪಂಚಾಯತ್ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಮುನಿಸಿಪಾಲಿಟಿಯ ಕಾಯಿದೆ ಬೇರೆ, ಕೇಳಬೇಕಾದದ್ದು ನಗರಸಭೆಯ ಆರೋಗ್ಯ ವಿಭಾಗದಲ್ಲಿ.