ಘಟ್ಟ ಇಳಿದ ಮೇಲೆ ಕಾರಿನ ಎಸಿ ಬಿಸಿಗಾಳಿ ಬಿಟ್ಟರೆ ಏನು ನೋಡಬೇಕು

ಮಡಿಕೇರಿಯಲ್ಲಿ ಕಾರಿನ ಎಸಿ ಬಟನ್ ಮುಟ್ಟುವವರೇ ಕಡಿಮೆ, ಕಿಟಕಿ ಇಳಿಸಿದರೆ ಸಾಕು ಅಲ್ವಾ. ಹಾಗಾಗಿ ಎಸಿ ಕೆಟ್ಟಿರುವುದು ಗೊತ್ತಾಗುವುದೇ ಏಪ್ರಿಲ್‌ನಲ್ಲಿ ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟಿದಾಗ, ಇಲ್ಲವೇ ಮೈಸೂರಿಗೆ ಹೋಗುವಾಗ ಪಿರಿಯಾಪಟ್ಟಣದ ಬಿಸಿಲಿನಲ್ಲಿ. ಆಗ ಎಲ್ಲರೂ ಹೇಳುವುದು ಒಂದೇ, "ಗ್ಯಾಸ್ ಹಾಕಿಸಿಬಿಡಿ". ಸ್ವಲ್ಪ ತಡೆಯಿರಿ. ಎಸಿ ಗ್ಯಾಸ್ ಪೆಟ್ರೋಲ್ ತರ ಉರಿದು ಖಾಲಿಯಾಗುವುದಿಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಎಷ್ಟೋ ಸಲ ತೊಂದರೆ ಗ್ಯಾಸಿನದ್ದೇ ಆಗಿರುವುದಿಲ್ಲ.

ಮೊದಲು ಒಳಗೆ ನೋಡಿ. ಡಿಸೆಂಬರ್ ಚಳಿಗೆ ಹೀಟರ್ ಹಾಕಿದವರು ನಾಬ್ ಕೆಂಪು ಕಡೆಗೇ ಬಿಟ್ಟಿರುತ್ತಾರೆ. ನಗಬೇಡಿ, ಇದು ಆಗುತ್ತದೆ. ನಾಬ್ ಪೂರ್ತಿ ನೀಲಿಗೆ ತಿರುಗಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ, ಎಸಿ ದೀಪ ಹತ್ತಿದೆಯಾ ನೋಡಿ.

ಆಮೇಲೆ ಎಂಜಿನ್ ಮತ್ತು ಎಸಿ ಎರಡೂ ಆನ್ ಇರುವಾಗಲೇ ಬಾನೆಟ್ ಎತ್ತಿ. ಶಾಲು, ಸಡಿಲ ತೋಳು, ಕೈ ಯಾವುದೂ ಬೆಲ್ಟ್ ಮತ್ತು ಫ್ಯಾನ್ ಹತ್ತಿರ ಹೋಗಬಾರದು. ಒಳಗಿನಿಂದ ಒಬ್ಬರು ಎಸಿ ಆಫ್ ಮಾಡಿ ಆನ್ ಮಾಡಲಿ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ 'ಟಕ್' ಅಂದು, ಅದರ ಪುಲ್ಲಿಯ (ಬೆಲ್ಟ್ ತಿರುಗಿಸುವ ಚಕ್ರ) ಮುಂದಿನ ತಟ್ಟೆ ತಿರುಗಲು ಶುರುವಾದರೆ ಕಂಪ್ರೆಸರನ್ನು ಪುಲ್ಲಿಗೆ ಜೋಡಿಸುವ ಕ್ಲಚ್ (ಕಾಲಿನ ಕ್ಲಚ್ ಅಲ್ಲ) ಹಿಡಿಯುತ್ತಿದೆ. ಕೆಲವು ಹೊಸ ಕಾರುಗಳ ಕಂಪ್ರೆಸರ್‌ಗೆ ಕ್ಲಚ್ಚೇ ಇಲ್ಲ, ಅವುಗಳಲ್ಲಿ ಈ ಸದ್ದು ಹುಡುಕಬೇಡಿ.

ಕ್ಲಚ್ ಹಿಡಿಯದಿದ್ದರೆ ಫ್ಯೂಸ್, ರಿಲೇ (ಕಂಪ್ರೆಸರ್‌ಗೆ ಕರೆಂಟ್ ಬಿಡುವ ಸ್ವಿಚ್) ನೋಡಿ. ಯಾವುದು ಎಲ್ಲಿದೆ ಅಂತ ಹೆಚ್ಚಾಗಿ ಫ್ಯೂಸ್ ಬಾಕ್ಸ್ ಮುಚ್ಚಳದಲ್ಲೇ ಇರುತ್ತದೆ. ತೋಟದ ಶೆಡ್‌ನಲ್ಲಿ ಕಾರು ನಿಲ್ಲಿಸುವವರು ವೈರುಗಳನ್ನೂ ನೋಡಲೇಬೇಕು, ಮಳೆಗಾಲದಲ್ಲಿ ಎಂಜಿನ್ನಿನ ಬಿಸಿಗೆ ಬಂದ ಇಲಿಗಳು ಸುಮ್ನೆ ಕೂರುವುದಿಲ್ಲ. ಇವೆಲ್ಲ ಸರಿಯಿದ್ದೂ ಕ್ಲಚ್ ಹಿಡಿಯದಿದ್ದರೆ ಆಗ ಗ್ಯಾಸಿನ ಮೇಲೆ ಅನುಮಾನ ಪಡಬಹುದು, ಯಾಕೆಂದರೆ ಒತ್ತಡ ತೀರಾ ಇಳಿದಾಗ ಕಂಪ್ರೆಸರ್ ಹಾಳಾಗದಿರಲಿ ಅಂತ ಪ್ರೆಷರ್ ಸ್ವಿಚ್ ಅದನ್ನು ಓಡಲು ಬಿಡುವುದಿಲ್ಲ.

ಕ್ಲಚ್ ಹಿಡಿದೂ ತಂಪಾಗದಿದ್ದರೆ? ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ಬಹುತೇಕ ಕಂಡೆನ್ಸರ್ ಫ್ಯಾನ್ ತಿರುಗುತ್ತಿಲ್ಲ, ಅಥವಾ ಕಂಡೆನ್ಸರ್ ತುಂಬ ಕೆಸರು. ಅದು ರೇಡಿಯೇಟರ್ ಮುಂದೆ ಇರುವ ಜಾಲರಿ. ತೋಟದ ರಸ್ತೆಯ ಕೆಂಪು ಮಣ್ಣು, ಒಣಗಿದ ಎಲೆ ಎಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಂಜಿನ್ ತಣ್ಣಗಾದ ಮೇಲೆ ಪೈಪಿನ ನೀರು ಮೆಲ್ಲಗೆ ಬಿಟ್ಟು ತೊಳೆಯಿರಿ. ಪ್ರೆಷರ್ ವಾಶ್ ಹತ್ತಿರದಿಂದ ಹೊಡೆದರೆ ತೆಳು ಪಟ್ಟಿಗಳು ಮಡಚಿ ಗಾಳಿಯೇ ಹೋಗುವುದಿಲ್ಲ.

ಗಾಳಿಯೇ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಜಾಸ್ತಿ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಮೊದಲು ಚೆನ್ನಾಗಿ ತಂಪಾಗಿ, ಸ್ವಲ್ಪ ಹೊತ್ತಿನ ಮೇಲೆ ಗಾಳಿ ನಿಂತೇ ಹೋದಂತಾದರೆ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿರಬಹುದು. ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಹತ್ತು ನಿಮಿಷ ಓಡಿಸಿ. ಸರಿಯಾದರೆ ಕಾಯಿಲ್ ಎಷ್ಟು ತಣ್ಣಗಿದೆ ಅಂತ ಅಳೆಯುವ ಸೆನ್ಸರ್ ನೋಡಿಸಬೇಕು.

ಕ್ಯಾಬಿನ್ ಕಡೆಯಿಂದ ಬರುವ ದಪ್ಪ ಪೈಪು ತಣ್ಣಗೆ ಬೆವರಿದೆ, ಆದರೂ ಒಳಗೆ ಬಿಸಿಗಾಳಿ ಅಂದರೆ ಡ್ಯಾಶ್‌ಬೋರ್ಡ್ ಒಳಗೆ ಬಿಸಿ, ತಂಪು ಬೆರೆಸುವ ಫ್ಲಾಪ್ ಸಿಕ್ಕಿಕೊಂಡಿರಬಹುದು. ಗ್ಯಾಸ್ ಹಾಕಿಸಿ ಏನೂ ಉಪಯೋಗವಿಲ್ಲ.

ವರ್ಕ್‌ಶಾಪಿಗೆ ಹೋಗಲೇಬೇಕಾದರೆ ಮೊದಲು ಲೀಕ್ ಹುಡುಕಿಸಿ. ಪೈಪಿನ ಜಾಯಿಂಟ್‌ನಲ್ಲಿ ಗ್ಯಾಸಿನ ಜೊತೆ ಸುತ್ತುವ ಎಣ್ಣೆಯ ಜಿಡ್ಡಿನ ಮೇಲೆ ಧೂಳು ಕೂತಿದ್ದರೆ ಅಲ್ಲೇ ಸೋರುತ್ತಿರಬಹುದು. ರಿಪೇರಿ ಆದ ಮೇಲೆ ವ್ಯಾಕ್ಯೂಮ್ ಮಾಡಿ (ಪೈಪಿನೊಳಗಿನ ಗಾಳಿ, ತೇವ ಹೊರಗೆಳೆದು), ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ ಗ್ಯಾಸ್ ತೂಕ ಮಾಡಿ ಹಾಕಲಿ, ಜಾಸ್ತಿ ಹಾಕಿದರೂ ತಂಪು ಕಡಿಮೆಯಾಗುತ್ತದೆ. ಆರ್-134ಎ, ಆರ್-1234ವೈಎಫ್ ಅಂದರೆ ಬೇರೆ ಬೇರೆ ಬಗೆಯ ಎಸಿ ಗ್ಯಾಸ್; ಆರ್-134ಎ ಹಾಕುವ ಕಾರಿಗೆ ಅದೇ, ಆರ್-1234ವೈಎಫ್ ಕಾರಿಗೆ ಅದೇ, ಬೆರೆಸುವಂತಿಲ್ಲ. ಮನೆಯಲ್ಲಿ ವಾಲ್ವ್ ಬಿಚ್ಚಲು ಹೋಗಬೇಡಿ, ಗ್ಯಾಸ್ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ.

ನಮ್ಮ ಕಡೆ ಸೋರಿಕೆಗೆ ಒಂದು ಕಾರಣ ತಿಂಗಳುಗಟ್ಟಲೆ ಎಸಿ ಹಾಕದೇ ಇರುವುದು. ಕಂಪ್ರೆಸರ್ ಓಡಿದಾಗ ಮಾತ್ರ ಎಣ್ಣೆ ಸುತ್ತುತ್ತದೆ, ಇಲ್ಲದಿದ್ದರೆ ಸೀಲುಗಳು ಒಣಗುತ್ತವೆ. ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿ. ಜುಲೈ ಮಳೆಯಲ್ಲಿ ಗಾಜಿಗೆ ಕಟ್ಟುವ ಮಂಜು ಬಿಡಿಸಲೂ ಎಸಿಯೇ ಬೇಕು.

ಇನ್ನೊಂದು, ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸ್ವಲ್ಪ ಹೊತ್ತು ತಂಪು ಕಡಿಮೆಯಾದರೆ ಗಾಬರಿ ಬೇಡ, ಎಂಜಿನ್‌ಗೆ ಶಕ್ತಿ ಬೇಕಾದಾಗ ಎಷ್ಟೋ ಕಾರುಗಳು ಕಂಪ್ರೆಸರನ್ನು ತಾವೇ ನಿಲ್ಲಿಸುತ್ತವೆ. ಆದರೆ ಟೆಂಪರೇಚರ್ ಮುಳ್ಳೂ ಮೇಲೇರುತ್ತಿದ್ದರೆ ಎಸಿ ಆಫ್ ಮಾಡಿ, ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ. ಎಂಜಿನ್ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.