ಬಿಎಸ್ಸಿ ಪ್ರಾಜೆಕ್ಟ್ ಮಾಡುತ್ತಲೇ ಮುಂದಿನ ದಾರಿ ಗುರುತಿಸುವುದು ಹೇಗೆ

ಎಂಎಸ್ಸಿಯೋ, ಬಿ.ಎಡ್ಡೋ, ಪಿಎಚ್‌ಡಿಯೋ, ಕಂಪನಿ ಕೆಲಸವೋ? ಅಂಕಪಟ್ಟಿ ನೋಡಿ ಇದನ್ನು ತೀರ್ಮಾನಿಸಬೇಡಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯ ಹಿಂದೆ ಎಂಟು ವಾರ ಬಿದ್ದಾಗಲೇ ಯಾವ ಕೆಲಸ ನಿಮಗೆ ಒಗ್ಗುತ್ತದೆ ಎಂಬುದು ತಿಳಿಯುವುದು.

ನಾಲ್ಕನೇ ಸೆಮಿಸ್ಟರ್ ಮುಗಿದ ಬೇಸಿಗೆ ಇದಕ್ಕೆ ಸರಿಯಾದ ಕಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳು ಸೇರಿ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ತನ್ನದೇ ಬೇಸಿಗೆ ಕಾರ್ಯಕ್ರಮವಿದೆ. ಬೇಸಿಗೆ ಬಂದ ಮೇಲೆ ಹುಡುಕಿದರೆ ತಡವಾಯಿತು. ಹಿಂದಿನ ಸೆಪ್ಟೆಂಬರ್‌ನಿಂದಲೇ ಪ್ರಕಟಣೆಗಳ ಮೇಲೆ ಕಣ್ಣಿಡಿ. ಶಿಫಾರಸು ಪತ್ರ ಬೇಕಾದರೆ ಮೇಷ್ಟ್ರನ್ನು ಮೂರು ವಾರ ಮುಂಚೆಯೇ ಕೇಳಿ. ಅರ್ಜಿಯಲ್ಲಿ ‘ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಓದಿದ ಒಂದು ಪ್ರಬಂಧ, ಅದರಲ್ಲಿ ಅರ್ಥವಾಗದೆ ಉಳಿದ ಒಂದು ಪ್ರಶ್ನೆ, ಕೈಯಾರೆ ಬಳಸಿ ಗೊತ್ತಿರುವ ಉಪಕರಣ, ಈ ಮೂರನ್ನು ಬರೆಯಿರಿ.

ಸೀಟು ಸಿಗಲಿಲ್ಲವೇ? ಕಾಲೇಜಿನಲ್ಲೇ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಕೋಲಾರ, ಪಾವಗಡದ ಕಡೆಯ ರಸಾಯನಶಾಸ್ತ್ರ ವಿದ್ಯಾರ್ಥಿಗೆ ಊರಿನ ಬೋರ್‌ವೆಲ್ ನೀರೇ ಸಾಕು: ಫ್ಲೋರೈಡ್ ಎಷ್ಟಿದೆ, ಏಕಿದೆ? ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಇಡೀ ತಾಲ್ಲೂಕನ್ನು ಮೈಮೇಲೆ ಹಾಕಿಕೊಳ್ಳಬೇಡಿ. ಹತ್ತು ಬೋರ್‌ವೆಲ್, ಪ್ರತಿ ಸ್ಯಾಂಪಲ್‌ಗೆ ಮೂರು ರೀಡಿಂಗ್, ಅಷ್ಟೇ.

ಪಂಪನ್ನು ಐದು ನಿಮಿಷ ಓಡಿಸಿ, ನಂತರ ಪ್ಲಾಸ್ಟಿಕ್ ಬಾಟಲಿಗೆ ನೀರು ಹಿಡಿಯಿರಿ. ಗಾಜು ಬೇಡ, ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಫ್ಲೋರೈಡ್ ಎಲೆಕ್ಟ್ರೋಡ್‌ನಲ್ಲಿ ಅಳೆಯುವುದಾದರೆ ಲೀಟರಿಗೆ 0.2, 0.5, 1, 2, 5 ಮಿ.ಗ್ರಾಂ ಫ್ಲೋರೈಡ್ ಇರುವ ಸ್ಟ್ಯಾಂಡರ್ಡ್‌ಗಳನ್ನು (ಸಾಂದ್ರತೆ ಗೊತ್ತಿರುವ ದ್ರಾವಣಗಳನ್ನು) ಮಾಡಿಕೊಳ್ಳಿ. ಸ್ಟ್ಯಾಂಡರ್ಡ್‌ಗೂ ಸ್ಯಾಂಪಲ್‌ಗೂ ಸಮಪ್ರಮಾಣದಲ್ಲಿ ಟಿಸಾಬ್ (TISAB) ಬಫರ್, ಅಂದರೆ ಪಿಎಚ್ ಮತ್ತು ಅಯಾನು ಬಲವನ್ನು ಒಂದೇ ಮಟ್ಟದಲ್ಲಿಡುವ ದ್ರಾವಣ, ಬೆರೆಸಲೇಬೇಕು. ಇದನ್ನು ಬಿಟ್ಟರೆ ಅಲ್ಯೂಮಿನಿಯಂ, ಕಬ್ಬಿಣಗಳು ಫ್ಲೋರೈಡನ್ನು ಕಟ್ಟಿಹಾಕಿ ಅಳತೆ ಕಡಿಮೆ ಬರುತ್ತದೆ. ಪಿಎಚ್ ತೀರಾ ಏರಿದರೆ ಹೈಡ್ರಾಕ್ಸೈಡ್ ಅಡ್ಡಬಂದು ಹೆಚ್ಚು ಬರುತ್ತದೆ. ಸಾಂದ್ರತೆ ಹತ್ತು ಪಟ್ಟಾದಾಗ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ಕಾಣಬೇಕು. 50ರ ಆಸುಪಾಸಿಗೆ ಇಳಿದಿದ್ದರೆ ಸ್ಯಾಂಪಲ್ ಮುಟ್ಟುವ ಮೊದಲು ಎಲೆಕ್ಟ್ರೋಡನ್ನೂ ಸ್ಟ್ಯಾಂಡರ್ಡ್‌ಗಳನ್ನೂ ಪರೀಕ್ಷಿಸಿ. ಕೊನೆಗೆ ಒಂದು ಸ್ಯಾಂಪಲ್‌ಗೆ ಗೊತ್ತಿರುವಷ್ಟು ಫ್ಲೋರೈಡ್ ಸೇರಿಸಿ ಮತ್ತೆ ಅಳೆಯಿರಿ. ಸೇರಿಸಿದ್ದರಲ್ಲಿ ಶೇ. 90–110 ಕೈಗೆ ಸಿಗದಿದ್ದರೆ ಉಳಿದ ಅಂಕಿಗಳನ್ನೂ ನಂಬಲಾಗದು.

ಹೆಚ್ಚಿನ ಪ್ರಾಜೆಕ್ಟುಗಳು ಹಾಳಾಗುವುದು ಪ್ರಯೋಗ ಕೈಕೊಟ್ಟದ್ದರಿಂದಲ್ಲ, ದಾಖಲೆ ಇಲ್ಲದ್ದರಿಂದ. ಬೈಂಡ್ ಮಾಡಿದ ಪುಸ್ತಕ, ಪುಟಸಂಖ್ಯೆ, ತಾರೀಖು, ಪೆನ್ನು. ತಪ್ಪಿಗೆ ಒಂದೇ ಗೆರೆ ಎಳೆಯಿರಿ, ಪುಟ ಹರಿಯಬೇಡಿ. ಬಲಪುಟದಲ್ಲಿ ಅಂಕಿಅಂಶ, ಎಡಪುಟ ನಿಮಗಾಗಿ. ಪ್ರತಿ ಶನಿವಾರ ಅಲ್ಲಿ ಮೂರು ಸಾಲು: ಯಾರೂ ಹೇಳದೆ ಮಾಡಿದ ಕೆಲಸ ಯಾವುದು, ಮುಂದೂಡುತ್ತಾ ಬಂದದ್ದು ಯಾವುದು, ಯಾವ ಪ್ರಶ್ನೆ ಮನೆಗೂ ಹಿಂಬಾಲಿಸಿತು.

ಎಂಟನೇ ವಾರ ಎಡಪುಟಗಳನ್ನಷ್ಟೇ ಒಟ್ಟಿಗೆ ಓದಿ. ಕ್ಯಾಲ್ಸಿಯಂ ಕಡಿಮೆಯಿರುವ ನೀರಲ್ಲೇ ಫ್ಲೋರೈಡ್ ಏಕೆ ಹೆಚ್ಚು, ಗ್ರಾನೈಟ್ ಬಂಡೆಗೂ ಇದಕ್ಕೂ ಏನು ನಂಟು ಎಂದು ಮತ್ತೆ ಮತ್ತೆ ಕೇಳಿಕೊಂಡಿದ್ದರೆ ಭೂರಸಾಯನಶಾಸ್ತ್ರದ ಎಂಎಸ್ಸಿಗಳನ್ನು ನೋಡಿ, ಸಂಶೋಧನೆಯ ದಾರಿ ಅಲ್ಲಿದೆ. ಅಳತೆಯನ್ನು ಕರಾರುವಾಕ್ಕಾಗಿಸುವುದೇ ಖುಷಿ ಕೊಟ್ಟಿದ್ದರೆ ಔಷಧ ಕಂಪನಿಗಳ, ನೀರು ಪರೀಕ್ಷಾ ಲ್ಯಾಬ್‌ಗಳ ಗುಣಮಟ್ಟ ವಿಭಾಗ ನಿಮ್ಮದು. ಊರಿನವರಿಗೆ ವಿವರಿಸುವಾಗಲೇ ಉತ್ಸಾಹ ಬಂದಿದ್ದರೆ ಬಿ.ಎಡ್ ಎರಡನೇ ದರ್ಜೆಯ ಆಯ್ಕೆಯಲ್ಲ. ಫಲಿತಾಂಶ ಸರಿ ಬಂತೋ ಇಲ್ಲವೋ ಎಂಬುದನ್ನು ಈ ಲೆಕ್ಕಕ್ಕೆ ತರಬೇಡಿ. ಎಂಟು ವಾರದಲ್ಲಿ ಫಲಿತಾಂಶ ಕೈಕೊಡುವುದು ಮಾಮೂಲಿ. ಸೋತ ಮರುದಿನ ಲ್ಯಾಬಿಗೆ ಹೋಗಲು ಮನಸ್ಸಾಯಿತೇ ಎಂಬುದನ್ನು ನೋಡಿಕೊಳ್ಳಿ.

ಎಡಪುಟಗಳ ಈ ಓದನ್ನು ಆಗಸ್ಟ್ ಒಳಗೆ ಮುಗಿಸಿ. ಐಐಟಿಗಳ ಎಂಎಸ್ಸಿಗೂ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಬೇಕಾದ ಜಾಮ್ (JAM) ಪ್ರವೇಶ ಪರೀಕ್ಷೆಯ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲೇ ತೆರೆಯುತ್ತದೆ, ಪರೀಕ್ಷೆ ಫೆಬ್ರುವರಿಯಲ್ಲಿ.