ಪ್ರಶ್ನಾವಳಿ ಮತ್ತು ಸಂದರ್ಶನ: ಮೊದಲು ಪ್ರಶ್ನೆ ಸರಿಯಾಗಲಿ

ಮನಃಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಕಿರುಸಂಶೋಧನೆಗೆ ಕುಳಿತಾಗ ಒಂದೇ ಬಗೆಯ ಎಡವಟ್ಟು ಮತ್ತೆ ಮತ್ತೆ ಕಾಣುತ್ತದೆ. ಒಂದು ಸಂಜೆಯಲ್ಲಿ ಪ್ರಶ್ನಾವಳಿ ಬರೆದು, ಗೂಗಲ್ ಫಾರ್ಮ್‌ಗೆ ಹಾಕಿ, ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿ, ಬಂದ ಉತ್ತರಗಳ ಮೇಲೆ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಪ್ರಶ್ನೆಯೇ ಕೆಟ್ಟಿದ್ದರೆ ಯಾವ ಸಂಖ್ಯಾಶಾಸ್ತ್ರವೂ ಅದನ್ನು ಸರಿಪಡಿಸಲಾರದು.

ಏನನ್ನು ತಿಳಿಯಬೇಕೆಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ನೈತಿಕ ಸಮಿತಿಯ ಅನುಮತಿಯನ್ನೂ ಭಾಗವಹಿಸುವವರ ಒಪ್ಪಿಗೆಯನ್ನೂ ಪಡೆಯಿರಿ. ಆಮೇಲೆ ಐದಾರು ಮಂದಿಯನ್ನು ಬಿಡುವಾಗಿ ಸಂದರ್ಶಿಸಿ. ಸಂದರ್ಶನ ಮಾಡದೆ ಪ್ರಶ್ನಾವಳಿ ಬರೆಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಜನ ತಮ್ಮ ಅನುಭವವನ್ನು ಯಾವ ಮಾತಿನಲ್ಲಿ ಹೇಳುತ್ತಾರೆಂಬುದು ಅಲ್ಲೇ ಸಿಗುತ್ತದೆ.

ಕಷ್ಟವಿರುವುದು ಪ್ರಶ್ನೆ ಬರೆಯುವಲ್ಲಿ. ಹಾಸ್ಟೆಲ್ ವಿದ್ಯಾರ್ಥಿಗಳ ನಿದ್ರೆಯ ಅಧ್ಯಯನವೆಂದುಕೊಳ್ಳಿ. "ಪರೀಕ್ಷೆಯ ಒತ್ತಡದಿಂದ ನಿಮಗೆ ಆಗಾಗ ನಿದ್ರೆ ಬರುವುದಿಲ್ಲವೇ?" ಎಂಬ ಪ್ರಶ್ನೆಯಲ್ಲಿ ಮೂರು ತಪ್ಪುಗಳಿವೆ. ಕಾರಣವನ್ನು ನಾವೇ ಹೇಳಿಕೊಟ್ಟಿದ್ದೇವೆ. "ಆಗಾಗ" ಎಂದರೆ ಒಬ್ಬರಿಗೆ ವಾರಕ್ಕೊಮ್ಮೆ, ಇನ್ನೊಬ್ಬರಿಗೆ ದಿನಾಲೂ. "ಇಲ್ಲವೇ" ಎಂಬ ಕೊನೆಯು ಹೌದು ಎನ್ನಿಸುವಂತೆ ಒತ್ತಾಯಿಸುತ್ತದೆ. ಬದಲಿಗೆ "ಕಳೆದ ಏಳು ರಾತ್ರಿಗಳಲ್ಲಿ, ಮಲಗಿ ಅರ್ಧ ಗಂಟೆಯಾದರೂ ನಿದ್ರೆ ಬಾರದ ರಾತ್ರಿಗಳೆಷ್ಟು?" ಎಂದು ಕೇಳಿ. ಒತ್ತಡದ ಪ್ರಶ್ನೆಯನ್ನು ಬೇರೆಯಾಗಿ, ನಿದ್ರೆಯ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಇಡಿ. ಮೊದಲೇ ಇಟ್ಟರೆ ಅದರ ನೆರಳು ಮುಂದಿನ ಉತ್ತರಗಳ ಮೇಲೆ ಬೀಳುತ್ತದೆ.

ಮನೋಭಾವ ಅಳೆಯಲು ಮನಃಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ಪ್ರಕಟಿಸಿದ, "ಪೂರ್ತಿ ಒಪ್ಪುತ್ತೇನೆ"ಯಿಂದ "ಸ್ವಲ್ಪವೂ ಒಪ್ಪುವುದಿಲ್ಲ"ದವರೆಗಿನ ಒಪ್ಪಿಗೆಯ ಶ್ರೇಣಿಯೇ ಈಗಲೂ ಬಳಕೆಯಲ್ಲಿದೆ. ಎಲ್ಲಕ್ಕೂ "ಒಪ್ಪುತ್ತೇನೆ" ಎನ್ನುವವರಿರುವುದರಿಂದ ಅರ್ಧದಷ್ಟು ಹೇಳಿಕೆಗಳನ್ನು ವಿರುದ್ಧ ದಿಕ್ಕಿನಲ್ಲಿ ಬರೆಯಿರಿ. 1965ರ ರೋಸೆನ್‌ಬರ್ಗ್ ಸ್ವಾಭಿಮಾನ ಮಾಪನದ ಹತ್ತು ಹೇಳಿಕೆಗಳಲ್ಲಿ ಐದು ಹಾಗಿವೆ. ಒಟ್ಟು ಅಂಕ ಕೂಡಿಸುವ ಮುನ್ನ ಅವುಗಳ ಅಂಕಗಳನ್ನು ತಿರುಗಿಸಲು, ಅಂದರೆ ಅತಿ ಹೆಚ್ಚಿನ ಅಂಕವನ್ನು ಅತಿ ಕಡಿಮೆಯದೆಂದು ಎಣಿಸಲು, ಮರೆಯದಿರಿ. ಸಿದ್ಧ ಮಾಪನವನ್ನು ಯಂತ್ರಾನುವಾದ ಮಾಡಿ ಹಂಚುವ ಅಡ್ಡದಾರಿ ಬೇಡವೇ ಬೇಡ. ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿ, ಅದನ್ನು ಮೂಲದೊಂದಿಗೆ ಹೋಲಿಸಬೇಕು.

ಎಲ್ಲರಿಗೂ ಹಂಚುವ ಮುನ್ನ ಕೆಲವರೊಂದಿಗೆ ನಡೆಸುವ ಪ್ರಾಯೋಗಿಕ ಸುತ್ತಿನಲ್ಲಿ ಉತ್ತರವನ್ನಷ್ಟೇ ಪಡೆಯದೆ, "ಈ ಪ್ರಶ್ನೆ ಏನು ಕೇಳುತ್ತಿದೆ, ನಿಮ್ಮ ಮಾತಿನಲ್ಲೇ ಹೇಳಿ" ಎಂದು ವಿಚಾರಿಸಿ.

ಸಂದರ್ಶನದಲ್ಲಿ ನಿಮ್ಮ ಪದಗಳೇ ಉತ್ತರವನ್ನು ಬದಲಿಸಬಲ್ಲವು. 1974ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮನಃಶಾಸ್ತ್ರಜ್ಞರಾದ ಲಾಫ್ಟಸ್ ಮತ್ತು ಪಾಮರ್ ಅಪಘಾತದ ದೃಶ್ಯಗಳನ್ನು ತೋರಿಸಿ, ಕಾರುಗಳು "ಅಪ್ಪಳಿಸಿದಾಗ" ವೇಗವೆಷ್ಟಿತ್ತೆಂದು ಕೇಳಿದ್ದಕ್ಕೆ ಸಿಕ್ಕ ಉತ್ತರಗಳ ಸರಾಸರಿ ಗಂಟೆಗೆ 40 ಮೈಲಿಗೂ ಹೆಚ್ಚು, "ತಾಗಿದಾಗ" ಎಂದು ಕೇಳಿದ್ದಕ್ಕೆ 31.8. ಆದ್ದರಿಂದ ಮುಖ್ಯ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿ, ಉಪಪ್ರಶ್ನೆಗೆ "ಆಮೇಲೆ?" ಎಂಬುದೇ ಸಾಕು, ಮೌನವನ್ನು ತುಂಬಲು ಅವಸರಿಸಬೇಡಿ.

ಖಿನ್ನತೆಯ ಲಕ್ಷಣಗಳನ್ನು ಕೇಳುವ ಪಿಎಚ್‌ಕ್ಯೂ-9 ಎಂಬ ಸಿದ್ಧ ಪ್ರಶ್ನಾವಳಿಯ ಒಂಬತ್ತನೇ ಅಂಶ ಸಾವಿನ ಯೋಚನೆಗೆ ಸಂಬಂಧಿಸಿದ್ದು. ಅದಕ್ಕೆ ಹೌದೆಂದವರನ್ನು ಹೆಸರಿಲ್ಲದ ಫಾರ್ಮ್‌ನಲ್ಲಿ ಹುಡುಕುವುದು ಅಸಾಧ್ಯ. ಇಂಥ ಅಂಶಗಳನ್ನು ಆಪ್ತಸಮಾಲೋಚಕರು ಹತ್ತಿರವಿರುವಾಗ ಮುಖಾಮುಖಿಯಾಗಿಯೇ ಕೇಳಿ, ಅದೇ ದಿನ ಉತ್ತರ ನೋಡಿ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಪ್ರತಿ ಹಾಳೆಯಲ್ಲೂ ಅಚ್ಚು ಹಾಕಿಸಿ.